ಕಳೆದ ಹಿಡಿ ಮಣ್ಣು
ನಮ್ಮ ಮಸ್ಕಿ ಓಣಿಯ ಗೌಂಡಿ ದ್ಯಾವಪ್ಪ ಕಾಕಾನಿಗೆ ವಿಮಾನದ ಕಾನೂನೆಲ್ಲ ಬಾಯಿಪಾಠ. ಸಿಂಧನೂರು ಬಸ್ಸು ತಡವಾದರೂ ಕಂಡಕ್ಟರನನ್ನು ಹಿಡಿದು, "ಎರಡು ತಾಸ್ ಲೇಟಾದ್ರ ನಾಷ್ಟಾ ಕೊಡಬೇಕ್ರೀ, ಕಾಯ್ದೆ ಐತಿ!" ಎನ್ನುತ್ತಾನೆ. "ಯಜಮಾನ್ರ, ಇದಕ ರೆಕ್ಕಿ ಎಲ್ಲ್ಯದಾವ್ರೀ?" ಎಂದು ಕಂಡಕ್ಟರ್ ಕೇಳಿದರೆ ಕಾಕಾ ತಾನೂ ನಗುತ್ತಾನೆ. ಹೋದ ವರ್ಷ, ಗೋಡೆ ಕಟ್ಟುವ ಕೆಲಸಕ್ಕೆ ಹೋಗಿದ್ದ ದುಬೈಯಿಂದ ತಾಯಿ ತೀರಿದ ಸುದ್ದಿ ಕೇಳಿ ಹೊರಟಾಗ, ವಿಮಾನ ರದ್ದಾಗಿ ಅಲ್ಲೇ ಎರಡು ದಿನ ಕುಳಿತು ಕಲಿತ ಕಾನೂನು ಅದು. ಅಷ್ಟರಲ್ಲಿ ಇಲ್ಲಿ ತಾಯಿಯ ಮಣ್ಣು ಮುಗಿದಿತ್ತು. ಗುಂಡಿಗೆ ಒಂದು ಹಿಡಿ ಹಾಕಲೂ ಅವನಿಗಾಗಲಿಲ್ಲ. ನನ್ನ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಪರಿಹಾರದ ಅರ್ಜಿ ತುಂಬಿದವಳು ನಾನೇ. 'ಏನು ಕಳೆದುಕೊಂಡಿರಿ' ಎಂದಿದ್ದ ಕಡೆ, "ಅವ್ವನ ಮಣ್ಣು ಅಂತ ಬರಿಯವ್ವ" ಎಂದ. ಹಾಗೇ ಬರೆದೆ. ಇವತ್ತು ವಿಮಾನ ಕಂಪನಿಯ ಉತ್ತರ ಬಂತು: ನಿಮ್ಮ ಸಾಮಾನಿನಲ್ಲಿ ಮಣ್ಣು ಇದ್ದ ದಾಖಲೆ ಇಲ್ಲ. ಓದಿ ಹೇಳಿದೆ. ಕಾಕಾ ಬಲಗೈ ಬಿಚ್ಚಿ ನೋಡಿಕೊಂಡ. "ಖರೇನ ಬರದಾರವ್ವ. ಅದು ನನ್ನ ಕೈಯಾಗ ಬರ್ಲೇ ಇಲ್ಲ."