ಗುಜರಿ ಅಂಗಡಿಯ ಕೇಕಿನ ಅಚ್ಚು

ನನಗೆ ಸಿಟ್ಟು ಮೂಗಿನ ತುದೀಲೇ ಇರುತ್ತೆ ಅಂತ ನಮ್ಮ ಮನೇಲಿ ಎಲ್ಲರೂ ಹೇಳ್ತಾರೆ. ಇರಲಿ ಬಿಡಿ. ಅದಿಲ್ಲದಿದ್ದರೆ ಗೆಜ್ಜಲಗೆರೆಯ ಗಾರ್ಮೆಂಟ್ಸಿನಲ್ಲಿ ಇಷ್ಟು ವರ್ಷ ಹೊಲಿಗೆ ಮಿಷಿನ್ನಿನ ಮುಂದೆ ಕೂತು, ಕಂಡಕಂಡವರ ಬಾಯಿ ಮುಚ್ಚಿಸಿ, ಮದ್ದೂರಲ್ಲೊಂದು ಮನೆ ಮಾಡಿಕೊಂಡು ಬದುಕೋಕೆ ಆಗ್ತಿರಲಿಲ್ಲ. ಆದರೆ ಈಗ ಹೇಳೋ ಸಿಟ್ಟೇ ಬೇರೆ. ಒಂದು ಹಳೇ ಕೇಕಿನ ಅಚ್ಚಿನ ನೆಪದಲ್ಲಿ ಶುರುವಾದದ್ದು, ನೆನೆಸಿಕೊಂಡರೆ ಇವತ್ತಿಗೂ ಮೈಯೆಲ್ಲ ಉರಿಯುತ್ತೆ.

ನನ್ನ ತಂಗಿಯ ಗಂಡ ತೀರಿಕೊಂಡ ಮೇಲೆ ಅವಳನ್ನು ನಾನೇ ನಮ್ಮನೆಗೆ ಕರೆದುಕೊಂಡು ಬಂದೆ. ಅವಳೇನೂ ಸುಮ್ಮನೆ ಕೂತು ಉಣ್ಣೋಳಲ್ಲ. ಫೋನಿನಲ್ಲಿ ನೋಡಿ ನೋಡಿ ಕೇಕು, ಬನ್ನು, ಬ್ರೆಡ್ಡು ಮಾಡೋದು ಕಲಿತಳು, ಸಣ್ಣದೊಂದು ಓವನ್ನೂ ತಂದಿಟ್ಟುಕೊಂಡಳು. "ನಾಕ್ ಜನ ನನ್ ಕೈಲಿ ಮಾಡಿದ್ದ ತಕೊಂಡು ತಿಂದ್ರೆ ಸಾಕು ಕಣಕ್ಕ, ಆಮೇಲೆ ನನ್ ಬದುಕ ನಾನ್ ನೋಡ್ಕತೀನಿ" ಅಂದಳು. ಅವಳು ಕೇಳಿದ್ದು ಅಷ್ಟೇ, ಜನ ತಿನ್ನಬೇಕು ಅಂತ. ನಮ್ಮೂರ ಜನ ಏನು ತಿನ್ನಲ್ಲ ಹೇಳಿ? ಹೈವೇ ಧೂಳು ಮೆತ್ತಿಕೊಂಡ ಬೋಂಡವನ್ನೇ ಬಿಡಲ್ಲ.

ಮಂಡ್ಯದ ಪಾತ್ರೆ ಅಂಗಡಿಯಿಂದ ಮೊದಲು ತಂದದ್ದು ಹೊಸ ಅಚ್ಚುಗಳು. ಥೂ, ಅವೂ ಒಂದು ಅಚ್ಚಾ! ಒತ್ತಿದರೆ ಬಾಗುತ್ತೆ, ಬಿಸಿಯಾದರೆ ಓವನ್ನೊಳಗೇ ಟಣ್ ಅಂತ ತಿರುಚಿಕೊಳ್ಳುತ್ತೆ. ತಳ ಸೀದು, ನಡುವೆ ಹಸಿ ಹಿಟ್ಟು. ಎರಡು ಸಲ ತೊಳೆಯೋದರೊಳಗೆ ಕಪ್ಪು ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದು ಕೇಕಿಗೇ ಅಂಟಿತು. ಅಂಗಡಿಯವನ ಹತ್ತಿರ ಜಗಳ ಆಡಿ ಬಂದೆ, ಅವನು "ಇವಾಗೆಲ್ಲಾ ಇಂಗೇ ಕಣಕ್ಕ ಬರೋದು" ಅಂದ. ಹಾಗಾದರೆ ಹಿಂದಿನದನ್ನೇ ಹುಡುಕೋಣ ಅಂತ ಒಂದು ಭಾನುವಾರ ಇಬ್ಬರೂ ಮಳವಳ್ಳಿ ಬಸ್ಸು ಹತ್ತಿದೆವು.

ಅಲ್ಲಿನ ಗುಜರಿ ಅಂಗಡಿಗೆ ಸುತ್ತಲಿನ ಹಳೇ ಕಬ್ಬಿಣವೆಲ್ಲ ಬಂದು ಬೀಳುತ್ತೆ. ಬ್ಲಫ್‌ನ ಕರೆಂಟ್ ಕಂಪನಿಯ ಹಳೇ ಕ್ವಾರ್ಟರ್ಸುಗಳಿಂದ ಬಂದ ಸಾಮಾನು ಒಂದು ಕಡೆ, ಬಾಗಿಲು ಹಾಕಿದ ಹೋಟ್ಲು, ಬೇಕರಿಗಳದ್ದು ಇನ್ನೊಂದು ಕಡೆ. ಹಳೇದು ಅಂತ ಕಂಡದ್ದನ್ನೆಲ್ಲ ಬಾಚಿಕೊಂಡು ಬಂದರೆ ಕೆಟ್ಟಿರಿ. ನೀರಿನ ಬಕೆಟ್ಟಿನ ಮೇಲೆ ಇರುತ್ತಲ್ಲ, ಹೂವು ಹೂವಾಗಿ ಹೊಳೆಯೋ ತಗಡು, ಸತು ಬಳಿದದ್ದು, ಅದರಲ್ಲಿ ಮಾಡಿದ ಅಚ್ಚು ಬೇಡವೇ ಬೇಡ. ಸೀಸದ ಬೆಸುಗೆ ಹಾಕಿ ಮೂಲೆ ಕೂಡಿಸಿದ್ದೂ ಬೇಡ, ಬಿಸಿಗೆ ಅದು ಹಿಟ್ಟಿಗೆ ಇಳಿಯುತ್ತೆ. ಒಳ್ಳೇ ಹಳೇ ಅಚ್ಚಿನ ಮೂಲೆ ಕಾಗದದ ದೋಣಿ ಮಡಿಸಿದ ಹಾಗೆ ತಗಡನ್ನೇ ಮಡಿಸಿ ಮಾಡಿರ್ತಾರೆ, ಬೆಸುಗೆಯೇ ಇರಲ್ಲ. ಅಂಚಿನೊಳಗೆ ತಂತಿ ಇಟ್ಟು ಸುತ್ತಿರ್ತಾರೆ. ಕೈಗೆ ಭಾರ ಬರುತ್ತೆ. ತಂಗಿ ಒಂದೊಂದನ್ನೂ ಎತ್ತಿ ಬಿಸಿಲಿಗೆ ಹಿಡಿದಳು, ಸೂಜಿಮೊನೆಯಷ್ಟು ಬೆಳಕು ಕಂಡರೂ ಆಚೆಗೆ ಎಸೆದಳು. ನೆಲದ ಚಪ್ಪಡಿ ಮೇಲಿಟ್ಟು ಒತ್ತಿ ನೋಡಿದಳು, ಅಲುಗಾಡಿದ್ದನ್ನು ಬಿಟ್ಟಳು. ಮೇಲುಮೇಲಿನ ತುಕ್ಕಿಗೆ ಅಂಜಬೇಕಾಗಿಲ್ಲ, ಗುಂಡಿ ಬಿದ್ದಿರೋ ತುಕ್ಕಿಗೆ ಮಾತ್ರ ಅಂಜಬೇಕು.

ಹಂಗೆ ಕೆದಕುವಾಗ ಸಿಕ್ಕಿದ್ದು ಒಂದು ದುಂಡನೆಯ ಅಚ್ಚು. ತಳದಲ್ಲಿ ನಕ್ಷತ್ರ ಉಬ್ಬಿಸಿತ್ತು. ನೋಡಿದ ಕೂಡಲೇ ಇಬ್ಬರಿಗೂ ಒಟ್ಟಿಗೇ ಗೊತ್ತಾಗಿಹೋಯ್ತು. ಮಳವಳ್ಳಿ ನಮ್ಮ ಅಜ್ಜಿಯ ಊರು. ಬಸ್ ಸ್ಟಾಂಡಿನ ಹತ್ತಿರದ ಬೇಕರಿಯಿಂದ ಸೋದರಮಾವ ತರ್ತಿದ್ದ ಬೆಣ್ಣೆ ಕೇಕಿನ ಅಡಿಯಲ್ಲಿ ಇದೇ ನಕ್ಷತ್ರ ಇರ್ತಿತ್ತು. ನಾನು, ತಂಗಿ, ಮಾವನ ಮಗಳು ಮೂವರೂ ಅದಕ್ಕೆ ಕಿತ್ತಾಡ್ತಿದ್ದೆವು. ಅಂಗಡಿಯವನನ್ನು ಕೇಳಿದರೆ, ಹೌದು, ಆ ಬೇಕರಿ ಮುಚ್ಚಿದಾಗ ಬಂದ ಸಾಮಾನೇ ಇದು ಅಂದ. ತಂಗಿ ಅಚ್ಚನ್ನು ಸೆರಗಿನಲ್ಲಿ ಒರೆಸಿ ಎದೆಗೆ ಅವುಚಿಕೊಂಡಳು. ಎಷ್ಟೋ ತಿಂಗಳಾದ ಮೇಲೆ ಅವತ್ತು ಅವಳು ನಕ್ಕಿದ್ದು.

ಮನೆಗೆ ತಂದು ಹುಣಸೆಹಣ್ಣಿನ ನೀರಲ್ಲಿ ನೆನೆಸಿ, ತೆಂಗಿನ ನಾರಲ್ಲಿ ತಿಕ್ಕಿ ತುಕ್ಕು ತೆಗೆದಳು. ತೊಳೆದು ಒರೆಸಿ, ಒಲೆ ಮೇಲಿಟ್ಟು ಪಸೆ ಆರಿಸಿ, ಎಣ್ಣೆ ಬಟ್ಟೆಯಲ್ಲಿ ತೆಳ್ಳಗೆ ಸವರಿ ಓವನ್ನಿನೊಳಗೆ ಬೋರಲು ಹಾಕಿ ಕಾಯಿಸಿದಳು. ಆರಿದ ಮೇಲೆ ಮತ್ತೆ ಸವರೋದು, ಮತ್ತೆ ಕಾಯಿಸೋದು. ದೋಸೆ ಹೆಂಚು ಪಳಗಿಸೋ ಹಾಗೇ. ಕೊನೆಗೆ ಕರ್ರಗೆ, ನುಣ್ಣಗೆ ಆಯ್ತು. ನಮ್ಮ ಹೆಂಗಸರಿಗೆ ಕಪ್ಪು ಕಂಡರಾಗಲ್ಲ, ಹಬ್ಬ ಬಂದರೆ ಸಾಕು, ಎಲ್ಲವನ್ನೂ ಫಳಫಳ ಬೆಳಗಿಬಿಡಬೇಕು. ಆ ಕಪ್ಪೇ ಅಚ್ಚಿನ ಜೀವ, ಅದನ್ನು ತಿಕ್ಕಿ ತೆಗೆದರೆ ಕೇಕು ಕಚ್ಚಿಕೊಳ್ಳುತ್ತೆ ಅಂತ ನಮ್ಮನೆ ಕೆಲಸದಾಕೆಗೆ ಹೇಳಿ ಹೇಳಿ ನನ್ನ ಬಾಯಿ ನೋಯ್ತು. ಮೊದಲ ಸಲ ಬೇಯಿಸಿದ್ದರ ಅಂಚು ಸ್ವಲ್ಪ ಸೀದಿತ್ತು. ಕಪ್ಪು ಅಚ್ಚು ಬೇಗ ಕಾವು ಎಳೆಯುತ್ತೆ, ಉರಿ ಇಳಿಸಬೇಕು ಅಂತ ತಂಗಿಗೆ ಆಗ ತಿಳೀತು. ಎರಡನೇದು ಬೋರಲು ಹಾಕಿದರೆ ಪಟ್ಟನೆ ಬಿತ್ತು, ಮೇಲೆ ನಕ್ಷತ್ರ. ಅಯ್ಯೋ ಶಿವನೇ, ಅದೇ ವಾಸನೆ!

ಆಗಲೇ ಬೆಸಗರಹಳ್ಳಿಯಿಂದ ಅತ್ತಿಗೆಯ ಫೋನು ಬಂತು. ಅತ್ತಿಗೆ ಅಂದರೆ ಬೇರೆ ಯಾರೂ ಅಲ್ಲ, ಆ ಸೋದರಮಾವನ ಮಗಳೇ. ನಮ್ಮಣ್ಣನಿಗೆ ಕೊಟ್ಟಿದ್ದು. ಅವಳ ಮಗಳ ನಿಶ್ಚಿತಾರ್ಥ ಗೊತ್ತಾಗಿತ್ತು. ಈಗ ನಮ್ಮ ಕಡೆಯೂ ಕೇಕು ಕುಯ್ಯದೆ ನಿಶ್ಚಿತಾರ್ಥ ಇಲ್ಲ. "ಕೇಕ್‌ನ ನೀವೇ ಮಾಡ್ಕೊಂಡ್ ಬನ್ರವ್ವ, ಮೊಟ್ಟೆ ಹಾಕ್ದಂಗೆ" ಅಂದಳು. ತಂಗಿ ನೆಲದ ಮೇಲೇ ನಿಲ್ಲಲಿಲ್ಲ. ಎರಡೂ ಕಡೆಯ ನೆಂಟರು ತಿಂತಾರೆ, ನಾಲ್ಕು ಊರಿಗೆ ಸುದ್ದಿ ಹೋಗುತ್ತೆ, ಅಲ್ಲಿಂದ ಆರ್ಡರು ಬರುತ್ತೆ ಅಂತ ಅವಳ ಲೆಕ್ಕಾಚಾರ. ಆ ಖುಷೀಲಿ ಅಚ್ಚಿನ ಫೋಟೋನ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದಳು, ತುಕ್ಕು ಹಿಡಿದಿದ್ದಾಗಿನದು ಒಂದು, ಪಳಗಿಸಿದ ಮೇಲಿನದು ಒಂದು.

ಮಾರನೇ ದಿನವೇ ಅತ್ತಿಗೆಯ ರಾಗ ಬದಲಾಯ್ತು. "ಗುಜರಿ ಪಾತ್ರೆಯಂತಲ್ಲಮ್ಮಿ. ಯಾರ್ ಮನೇದೋ, ಏನೇನ್ ಬೇಯ್ಸಿದ್ರೋ. ಬೀಗ್ರಿಗೆ ಗೊತ್ತಾದ್ರೆ ಏನಂದ್ಕತಾರೆ? ಬುಡು, ಬೇಕರೀಲೇ ತರ್ಸ್ತೀವಿ" ಅಂದಳು. ನನಗೆ ನೆತ್ತಿಗೇರಿತು. "ಬೇಕರಿಯೋರೇನು ದಿನಾ ಹೊಸ ಅಚ್ಚು ತತ್ತಾರಾ? ಮಾತು ಕೊಟ್ಟಮೇಲೆ ಮುಗೀತು, ನಾವು ತತ್ತೀವಿ" ಅಂತ ಫೋನ್ ಕುಕ್ಕಿದೆ. ಅತ್ತಿಗೆ ಆಮೇಲೆ ಬೇಡ ಅಂತ ಅನ್ನಲಿಲ್ಲ. ನಾನು ಗೆದ್ದೆ ಅಂದುಕೊಂಡೆ.

ನಿಶ್ಚಿತಾರ್ಥದ ದಿನ ಬೆಳಗ್ಗೆಯೇ ಹೋದೆವು. ಕೇಕುಗಳನ್ನು ಮಡಿಲಲ್ಲಿಟ್ಟುಕೊಂಡು ತಂಗಿ ಆಟೋದಲ್ಲಿ ಉಸಿರು ಬಿಗಿಹಿಡಿದು ಕೂತಿದ್ದಳು. ಇಳಿದ ಕೂಡಲೇ ಅತ್ತಿಗೆ ಕೇಕಿನ ಡಬ್ಬ ಈಸ್ಕೊಂಡು ಒಳಕ್ಕೆ ಹೋದಳು, ತಂಗಿಯನ್ನು ಅಡುಗೆಮನೆಗೆ ಕಳಿಸಿದಳು. ಪಾಪ, ಅವಳು ಕಾಯಿ ತುರಿದಳು, ಒಬ್ಬಟ್ಟಿನ ಹೂರಣ ರುಬ್ಬಿದಳು, ಪಾಯಸ ತಿರುವಿದಳು. ಅಷ್ಟು ಜನರ ಊಟಕ್ಕೂ ಅವಳ ಕೈ ಬಿತ್ತು. ನಾನು ಚಪ್ಪರದಲ್ಲಿ ಬಂದವರಿಗೆ ನೀರು ಕೊಡ್ತಾ ಇದ್ದೆ. ಬೀಗಿತ್ತಿ, ಅಂದರೆ ಹುಡುಗನ ತಾಯಿ, ಚಪ್ಪರಕ್ಕೆ ಬರಲೇ ಇಲ್ಲ. ಅವರಿಗೂ ಗಂಡ ಇಲ್ಲ. ಒಳಗಡೆ ಉಗ್ರಾಣದ ಬಾಗಿಲ ಪಕ್ಕ ಒಂದು ಚಾಪೆ ಹಾಸಿಕೊಂಡು, ಸೆರಗು ಹೊದ್ದು ಕೂತಿದ್ದರು. ಹೆತ್ತ ಮಗನ ನಿಶ್ಚಿತಾರ್ಥ, ತಟ್ಟೆ ಬದಲಾಯಿಸಿಕೊಂಡದ್ದು ಅವರ ಓರಗಿತ್ತಿ.

ಶಾಸ್ತ್ರ ಮುಗೀತು, ಕೇಕು ಕುಯ್ಯೋ ಹೊತ್ತಾಯ್ತು. ನೋಡ್ತೀನಿ, ಮೇಜಿನ ಮೇಲೆ ಗುಲಾಬಿ ಬಣ್ಣದ ಕ್ರೀಮು ಮೆತ್ತಿದ ಬೇಕರಿ ಕೇಕು! ಎಲ್ಲರೂ ಫೋಟೋ ಹೊಡೀತಾ ಇದ್ದಾರೆ. ಒಳಕ್ಕೆ ನುಗ್ಗಿದೆ. ಉಗ್ರಾಣದಲ್ಲಿ, ಈರುಳ್ಳಿ ಚೀಲದ ಹಿಂದೆ, ನಮ್ಮ ಡಬ್ಬ. ಕಟ್ಟಿದ ದಾರವನ್ನೂ ಬಿಚ್ಚಿರಲಿಲ್ಲ.

ಅತ್ತಿಗೆ ತಟ್ಟೆ ತಗೊಳ್ಳೋಕೆ ಅಲ್ಲಿಗೇ ಬಂದಳು. ಹಿಡ್ಕೊಂಡೆ. "ಏನತ್ಗೆ ಇದು? ನಾಯಿಗೆ ಹಾಕೋಕೆ ಇಟ್ಟಿದ್ದೀಯಾ?"

"ಮೆತ್ತಗೆ ಮಾತಾಡಮ್ಮಿ. ಪಾತ್ರೆ ಎಂಥದೋ ಏನೋ ಅಂತ ಆವತ್ತೇ ಅಂದಿದ್ನಲ್ಲ."

ನಾನು ದಾರ ಕಿತ್ತು ಮುಚ್ಚಳ ತೆಗೆದೆ. "ಕಣ್ಬುಟ್ಟು ನೋಡು. ಈ ನಕ್ಷತ್ರದ ಗುರ್ತಿಲ್ವಾ ನಿಂಗೆ? ನಿಮ್ಮಪ್ಪ ತರ್ತಿದ್ದ ಕೇಕು ಇದೇ ಅಚ್ಚಲ್ಲೇ ಬೆಂದಿದ್ದು. ನಕ್ಷತ್ರ ನಂಗೇ ಬೇಕು ಅಂತ ನನ್ನ ಕೈ ಕಚ್ಚಿದ್ದೆಯಲ್ಲ, ಆವಾಗ ಯಾವ ಮನೆ ಪಾತ್ರೆ ಅಂತ ಕೇಳಿದ್ಯಾ?"

ಅತ್ತಿಗೆ ನೋಡಿದಳು. ಗುರುತು ಸಿಕ್ಕಿತು, ಮುಖದಲ್ಲೇ ಗೊತ್ತಾಯ್ತು. ಆಗ ಬಂತು ಒಳಗಿದ್ದದ್ದು. "ಅಚ್ಚು ಎಲ್ಲಿದಾದ್ರೂ ಆಗ್ಲಿ ಕಣೆ. ಕೈ ನೋಡ್ಬೇಕಲ್ವಾ? ಮೊದ್ಲು ಮಾಡ್ಕೊಂಡ್ ಬನ್ನಿ ಅಂದಾಗ ನಂಗಿದು ಹೊಳೀಲಿಲ್ಲ. ನನ್ ಮಗ್ಳು ಬಾಳ್ಬೇಕಾದೋಳು. ಗಂಡ ಸತ್ತೋಳ ಕೈಲಿ ಮಾಡಿದ್ದನ್ನ ಮೊದ್ಲ ತುತ್ತು ಹೆಂಗ್ ತಿನ್ಸನೆ?"

ಬೆಳಗ್ಗೆಯಿಂದ ಅದೇ ಕೈ ರುಬ್ಬಿದ ಒಬ್ಬಟ್ಟು ಮಗಳ ಎಲೆಗೆ ಬೀಳಬಹುದು, ಹೊಗೆಯಲ್ಲಿ ಬೆಂದ ಕೈ ಕಣ್ಣಿಗೆ ಬೀಳಲ್ಲವಲ್ಲ! ನಾಲ್ಕು ಜನರೆದುರು ಇಡೋ ಕೇಕಿಗೆ ಮಾತ್ರ ಅದೇ ಕೈ ಮೈಲಿಗೆಯಾ? ಅದನ್ನು ನೇರವಾಗಿ ಹೇಳೋ ಯೋಗ್ಯತೆ ಇಲ್ಲದೆ ಪಾಪದ ಅಚ್ಚಿನ ಮೇಲೆ ಹಾಕಿದ್ದಳು. ಬಾಯಿಗೆ ಬಂದಂಗೆ ಬೈಯೋಣ ಅಂತ ತಿರುಗಿದರೆ ಅಡುಗೆಮನೆ ಬಾಗಿಲಲ್ಲಿ ತಂಗಿ ನಿಂತಿದ್ದಾಳೆ. ಸೌಟು ಕೈಲಿದೆ. ಎಲ್ಲಾ ಕೇಳಿಸಿಕೊಂಡಿದ್ದಳು.

ಅವಳು ಅಳಲಿಲ್ಲ. ಡಬ್ಬದ ಮುಚ್ಚಳ ಹಾಕೋಕೆ ಬಂದಳು. "ಬಾ ಅಕ್ಕ, ವೋಗನ" ಅಂದಳು.

"ತಡಿಯವ್ವ" ಅಂತ ಚಾಪೆಯಿಂದ ಮಾತು ಬಂತು.

ಬೀಗಿತ್ತಿ ಅಲ್ಲಿ ಕೂತಿದ್ದಾರೆ ಅನ್ನೋದು ಅತ್ತಿಗೆಗೆ ಮರೆತೇ ಹೋಗಿತ್ತು. ಅವಳ ಮುಖದ ರಕ್ತವೆಲ್ಲ ಇಳಿದುಹೋಯ್ತು. ಆ ಹೆಂಗಸು ಗೋಡೆ ಹಿಡಿದು ಎದ್ದು ಬಂದು, "ಒಂದ್ ತುಂಡು ಕೊಡು" ಅಂದರು. ತಂಗಿ ಕುಯ್ದು ಕೊಟ್ಟಳು. ತಿಂದರು. "ಇನ್ನೊಂದು ಕೊಡು, ನನ್ ಮಗುಂಗೆ" ಅಂತ ಇಸ್ಕೊಂಡು ಚಪ್ಪರಕ್ಕೆ ನಡೆದರು. ಬೆಳಗ್ಗೆಯಿಂದ ಒಂದು ಹೆಜ್ಜೆ ಆಚೆ ಇಡದವರು ಜನರ ನಡುವೆ ಹೋಗಿ ಮಗನ ಬಾಯಿಗೆ ತುತ್ತಿಟ್ಟರು, ಉಳಿದರ್ಧವನ್ನು ನಮ್ಮ ಅಣ್ಣನ ಮಗಳ ಬಾಯಿಗಿಟ್ಟರು. ಆ ಹುಡುಗಿ, ಪುಣ್ಯಾತ್ಗಿತ್ತಿ, "ಇದ್ಯಾವ್ ಕೇಕು? ಇದೇ ಚೆನ್ನಾಗೈತೆ" ಅಂದುಬಿಟ್ಟಳು.

ಅಷ್ಟೇ ಸಾಕಾಯ್ತು. ಎಲ್ಲರಿಗೂ ಬೇಕು. ನಮ್ಮ ಅತ್ತಿಗೆಯನ್ನು ನೀವು ಆಗ ನೋಡಬೇಕಿತ್ತು! ಈರುಳ್ಳಿ ಚೀಲದ ಹಿಂದೆ ಬಚ್ಚಿಟ್ಟಿದ್ದನ್ನು ತಾನೇ ತಟ್ಟೆಗೆ ಜೋಡಿಸಿಕೊಂಡು, ಹಲ್ಲು ಕಿರಿದುಕೊಂಡು, "ನಮ್ ನಾದ್ನಿಯೇ ಮಾಡಿದ್ದು, ತಕೊಳ್ಳಿ ತಕೊಳ್ಳಿ" ಅಂತ ಸಾಲುಸಾಲಿಗೆ ಹಂಚೋಕೆ ಶುರುಮಾಡಿದಳು. ನಾಚಿಕೆ ಅನ್ನೋದು ಬೇಡವಾ ಮನುಷ್ಯರಿಗೆ? ನಾನು ತಟ್ಟೆ ಕಿತ್ತುಕೊಳ್ಳೋಣ ಅಂತ ಮುಂದಕ್ಕೆ ಹೋದೆ. ಅಷ್ಟರಲ್ಲಿ ತಂಗಿ ಸೆರಗಿಗೆ ಕೈ ಒರೆಸಿಕೊಳ್ತಾ ಚಪ್ಪರಕ್ಕೆ ಬಂದು ಅತ್ತಿಗೆಯ ಪಕ್ಕ ನಿಂತಳು.

"ಯಾರ್ ಮಾಡಿದ್ದು ಅಂತ ಹೇಳ್ದೆ, ಸರಿ. ಎಂಥಾ ಕೈಲಿ ಮಾಡಿದ್ದು ಅಂತ್ಲೂ ಹೇಳತ್ಗೆ" ಅಂದಳು.

ಅತ್ತಿಗೆ ಕೇಳಿಸದವಳ ಹಾಗೆ ಮುಂದಿನವರಿಗೆ ತಟ್ಟೆ ಚಾಚಿದಳು. ತಂಗಿ ಅವಳ ಕೈಯಿಂದ ತಟ್ಟೆಯನ್ನು ಮೆಲ್ಲಗೆ ತಗೊಂಡಳು. ಮೊದಲ ಸಾಲಿನಲ್ಲಿ ಬಾಯಿ ಚಪ್ಪರಿಸ್ತಾ ಕೂತಿದ್ದ ನಮ್ಮ ದೊಡ್ಡಪ್ಪನ ಮುಂದೆ ಬಗ್ಗಿ, ಎಲ್ಲರಿಗೂ ಕೇಳಿಸೋ ಹಾಗೆ ಅಂದಳು:

"ಗಂಡ ಸತ್ತೋಳ ಕೈಲಿ ಮಾಡಿದ್ದು ಕಣ್ ದೊಡ್ಡಪ್ಪ. ಇನ್ನೊಂದ್ ತುಂಡು ಹಾಕ್ಲಾ?"