ಬಂದ್ ದಿನದ ಸವಾರಿ

ಕಂಪ್ಯೂಟರಿನಲ್ಲಿ ಜಾಗ ಮುಗಿದಿತ್ತು. ನನಗೆ ಪ್ರಾಣವಾಗಿದ್ದ ಕಾರಿನ ಆಟದ ಮೂರು ಭಾಗಗಳಲ್ಲಿ ಒಂದನ್ನಷ್ಟೇ ಉಳಿಸಿಕೊಳ್ಳಬೇಕಿತ್ತು. ಯಾವುದೆಂದು ಮತ್ತೆ ಆಡಿ ನೋಡಲು ಒಂದು ಬಂದ್ ದಿನ ಸಿಕ್ಕಿತು. ಬ್ಯಾಂಕಿಲ್ಲ, ಬಸ್ಸಿಲ್ಲ, ಕಲ್ಕತ್ತೆಯ ಕಾಳಿಘಾಟ್‌ನ ನಮ್ಮ ಬೀದಿ ಮಧ್ಯಾಹ್ನವೇ ನಿದ್ದೆ ಹೋದ ಹಾಗಿತ್ತು.

ಕೆಳಮನೆಯ ತಿವಾರಿಯವರು ಹೊತ್ತು ಹೋಗದೆ ಮೇಲೆ ಬಂದರು. ಎಸ್ಪ್ಲನೇಡ್‌ನಲ್ಲಿ ನಾವು ಕೈ ಮಾಡಿದರೆ ಬರಲ್ಲವೆಂದು ತಲೆಯಲ್ಲಾಡಿಸಿ ಮುಂದೆ ಹೋಗುವ ಟ್ಯಾಕ್ಸಿಯವರಲ್ಲಿ ಅವರೂ ಒಬ್ಬರು. ಆಟವನ್ನು ಅವರ ಕೈಗೇ ಕೊಟ್ಟೆ.

ಮೂರನೆಯ ಭಾಗದ ಚಿತ್ರ ಕನ್ನಡಿಯಷ್ಟು ಚಂದ, ಆದರೆ ಪೊಲೀಸರು ಬೆನ್ನು ಹತ್ತುತ್ತಾರೆ. “ಇದು ನನಗೆ ದಿನಾ ಇದ್ದದ್ದೇ,” ಎಂದು ತಿವಾರಿಯವರು ಅದನ್ನು ಬಿಟ್ಟರು. ಎರಡನೆಯದರಲ್ಲಿ ಗಡಿಯಾರದ ಅವಸರ. ಮೊದಲನೆಯದರ ಮರಗಳು ಹಸಿರು ಡಬ್ಬಿಗಳ ಹಾಗೆ. ಆದರೆ ಸಮುದ್ರದ ಪಕ್ಕ ಖಾಲಿ ರಸ್ತೆ, ಅಟ್ಟಿಸಿಕೊಂಡು ಬರುವವರಿಲ್ಲ. ತಿವಾರಿಯವರು ಎಡಬದಿ ಬಿಡದೆ ನಿಧಾನಕ್ಕೆ ಹೊರಟರು. ತಿರುವು ಬಂದಾಗ ಬಾಯಲ್ಲೇ ಹಾರ್ನ್ ಹೊಡೆದರು. ಫ್ಯಾನಿನ ಗಾಳಿ ಕಡಲಗಾಳಿಯಾಯಿತು. ಹಿಂದಿನ ಸೀಟಿನಲ್ಲಿ ಕೂತವನ ಹಾಗೆ ಮಂಚಕ್ಕೆ ಒರಗಿದೆ. ನಮ್ಮೂರ ಹತ್ತಿರದ ಮರವಂತೆಯನ್ನು ದಾಟುತ್ತಿದ್ದೇವೆ ಅನ್ನಿಸಿತು.

“ಎಲ್ಲಿಗೆ ಬಿಡಲಿ, ಸಾಹೇಬ್ರೇ?” ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ಕುಂದಾಪುರಕ್ಕೆ. ಅಮ್ಮನ ಮನೆಗೆ.” ಎರಡು ವರ್ಷದಿಂದ ಊರಿಗೆ ಹೋಗಲು ನನಗೆ ರಜೆ ಸಿಕ್ಕಿರಲಿಲ್ಲ.

“ಎಲ್ಲಿ ಬರುತ್ತದೆ ಅದು?”

“ಇದೇ ರಸ್ತೆಯ ತುದಿಯಲ್ಲಿ.”

ತಿವಾರಿಯವರು ಸ್ವಲ್ಪ ಯೋಚಿಸಿ, ಕಾರನ್ನು ಬದಿಗೆ ತಂದು ನಿಲ್ಲಿಸಿದರು. “ಅಷ್ಟು ದೂರ ಬರಲ್ಲ ಸಾಹೇಬ್ರೇ. ವಾಪಸ್ ಬರುವಾಗ ಸವಾರಿ ಸಿಗೋದಿಲ್ಲ.”

ಸಂಜೆ ಉಳಿದೆರಡು ಭಾಗಗಳನ್ನು ಅಳಿಸಿದೆ. ಚಿತ್ರ ಎಷ್ಟೇ ಚಂದವಿರಲಿ, ಕಲ್ಕತ್ತೆಯ ಟ್ಯಾಕ್ಸಿ ಇಷ್ಟು ನಿಜವಾಗಿ ಅವುಗಳಲ್ಲಿ ಇರಲಿಲ್ಲ.