ದಾರಿ ತುಳಿಯುವ ಹತ್ಸುಯೆ

ಒಗುಚಿ ಶಾಲೆ ಹಿಮಕ್ಕೆ ಹೆದರಿ ಬಾಗಿಲು ಹಾಕುತ್ತದೆ ಅಂತ ಯಾರಾದರೂ ಅಂದಿದ್ದರೆ ಹತ್ಸುಯೆ ಅವರನ್ನು ಅಲ್ಲೇ ನಿಲ್ಲಿಸಿ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ಮೂವತ್ತೊಂದು ಚಳಿಗಾಲ ಆ ಶಾಲೆಯ ಆಯಾ ಆಗಿದ್ದವಳು ಅವಳು. ನೆಲ ಒರೆಸುವುದು, ಒಲೆಗೆ ಸೀಮೆಎಣ್ಣೆ ತುಂಬುವುದು, ಮುರಿದ ಕುರ್ಚಿಗೆ ಮೊಳೆ ಹೊಡೆಯುವುದು ಎಲ್ಲ ಅವಳದೇ. ಅವಳನ್ನು ಕೇಳಿದರೆ ಅದೆಲ್ಲ ಕೆಲಸವೇ ಅಲ್ಲ. ಅವಳ ಲೆಕ್ಕದಲ್ಲಿ ಕೆಲಸ ಅಂದರೆ ಒಂದೇ, ಹಿಮ ತುಳಿಯುವುದು.

ನೀಗಾತಾದ ಆ ಕಣಿವೆಯಲ್ಲಿ ಹಿಮ ಬೀಳುವುದಲ್ಲ, ಸುರಿಯುವುದು. ಮಲಗುವಾಗ ಕಿಟಕಿಯ ಕೆಳಗಿದ್ದದ್ದು ಏಳುವಷ್ಟರಲ್ಲಿ ಕಿಟಕಿಯನ್ನೇ ಮುಚ್ಚಿರುತ್ತದೆ. ಯಂತ್ರ ಬಂದು ದೊಡ್ಡ ರಸ್ತೆಯನ್ನೇನೋ ಬಿಡಿಸಿಕೊಟ್ಟು ಹೋಗುತ್ತದೆ. ಆದರೆ ಶಾಲೆಯಿಂದ ಮೇಲಿನ ಕೇರಿ ಕಾಮಿಜಾವಾಕ್ಕೆ ಹೋಗುವ ಕಾಲುದಾರಿಯನ್ನು ಯಂತ್ರ ಹತ್ತುವುದಿಲ್ಲ. ಆ ಕೇರಿಯಲ್ಲಿ ನಾಲ್ಕು ಮಕ್ಕಳು. ಅವರಿಗಾಗಿ ಹತ್ಸುಯೆ ದಿನಾ ಬೆಳಗಿನ ಐದಕ್ಕೆ ಕಾಲಿಗೆ ಕಾಂಜಿಕಿ ಕಟ್ಟುತ್ತಿದ್ದಳು. ಬಳ್ಳಿ ಬಗ್ಗಿಸಿ ಹಗ್ಗ ಹೆಣೆದ, ಜರಡಿಯಷ್ಟು ಅಗಲದ ಮೆಟ್ಟು ಅದು. ಅದಿಲ್ಲದೆ ಹಿಮಕ್ಕೆ ಕಾಲಿಟ್ಟರೆ ಸೊಂಟದವರೆಗೆ ಹೂತುಹೋಗಬೇಕು. ಒಂದೊಂದೇ ಹೆಜ್ಜೆ ಗಟ್ಟಿಯಾಗಿ ತುಳಿಯುತ್ತ ಮೇಲೆ ಹೋಗಿ, ತುಳಿಯುತ್ತ ಕೆಳಗೆ ಬರುವುದು. ಏಳಕ್ಕೆ ಮಕ್ಕಳು ಆ ಪಟ್ಟಿಯಷ್ಟಗಲದ ದಾರಿಯಲ್ಲಿ ಸಾಲಾಗಿ ಇಳಿದು ಬರುವರು.

ಮೊದಲು ಈ ಕೆಲಸ ಮನೆಗೊಂದು ದಿನದ ಸರದಿಯಲ್ಲಿತ್ತು. ಹತ್ಸುಯೆ ಇಪ್ಪತ್ತೆರಡಕ್ಕೆ ಸೊಸೆಯಾಗಿ ಬಂದಾಗ ಚಳಿಗಾಲದಲ್ಲಿ ಊರಲ್ಲಿ ಗಂಡಸರೇ ಇರುತ್ತಿರಲಿಲ್ಲ, ಎಲ್ಲರೂ ತೋಕಿಯೋ ಕಡೆ ಸುರಂಗ ಕೊರೆಯಲು ಹೋಗುವರು. ಅವಳ ಗಂಡನೂ ಹೋದ. ಐದನೇ ಚಳಿಗಾಲದಲ್ಲಿ ಅವನ ಬದಲು ಬಿಳಿ ಬಟ್ಟೆ ಸುತ್ತಿದ ಬೂದಿಯ ಪೆಟ್ಟಿಗೆ ಬಂತು. ಅದೇ ವರ್ಷ ಶಾಲೆಯಲ್ಲಿ ಕೆಲಸ ಸಿಕ್ಕಿತು. ಆಮೇಲೆ ಊರು ಬರಿದಾಗುತ್ತ ಹೋಯಿತು, ಸರದಿ ತಪ್ಪುತ್ತ ಹೋಯಿತು. ಒಂದು ದಿನ ಸಭೆಯಲ್ಲಿ ಎಲ್ಲರೂ ನೆಲ ನೋಡುತ್ತ ಕೂತಿದ್ದಾಗ ಹತ್ಸುಯೆ ಎದ್ದು, "ಯಾಕೆ ಹಿಂಗೆ ಕೂತಿದೀರಿ, ಯಾರಾದ್ರೂ ಸತ್ತಿದಾರಾ? ನಾನೇ ತುಳೀತೀನಿ ಬಿಡಿ" ಅಂದಳು. ಅಷ್ಟೆ. ಹನ್ನೊಂದು ಹೆಡ್‌ಮಾಸ್ತರರು ಬಂದು ಹೋದರು, ಹತ್ಸುಯೆ ಮಾತ್ರ ತುಳಿಯುತ್ತಲೇ ಇದ್ದಳು. ಒಂದು ದಿನವೂ ಶಾಲೆ ತಪ್ಪಲಿಲ್ಲ.

ಅಂಥ ಶಾಲೆಗೆ ಇಂಗ್ಲಿಷ್ ಕಲಿಸಲು ಜಮೈಕಾದಿಂದ ಮಾರ್ವಾ ಬಂದಳು. ಇಪ್ಪತ್ತಾರರ ಹುಡುಗಿ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ನಕ್ಕರೆ ಮೂರು ಕೋಣೆಗೆ ಕೇಳಬೇಕು. ಮಕ್ಕಳು ಅವಳನ್ನು ಬಿಟ್ಟಿರುತ್ತಿರಲಿಲ್ಲ. ಡಿಸೆಂಬರಿನಲ್ಲಿ ಮೊದಲ ದೊಡ್ಡ ಹಿಮ ಬಿದ್ದ ಬೆಳಗ್ಗೆ ಅವಳು ಕಿಟಕಿ ನೋಡಿದಳು, ಬರೀ ಬಿಳುಪು. ಅವಳ ಊರಲ್ಲಿ ಬಿರುಗಾಳಿ ಬರುತ್ತದೆ ಅಂದರೆ ಸಾಕು, ಶಾಲೆಗೆ ರಜೆ. ಇಲ್ಲೂ ಹಾಗೇ ಇರಬೇಕೆಂದು ಚಹಾ ಕುಡಿದು ಮತ್ತೆ ಹೊದ್ದು ಮಲಗಿದಳು. ಒಂಬತ್ತಕ್ಕೆ ಬಾಗಿಲು ಬಡಿದ ಸದ್ದಾಯಿತು. ಹತ್ಸುಯೆ ನಿಂತಿದ್ದಳು.

"ಸೆನ್ಸೇ, ಹುಷಾರಿಲ್ವಾ?" ಅಲ್ಲಿ ಮೇಷ್ಟರನ್ನು ಕರೆಯುವುದೇ ಹಾಗೆ.

"ಚೆನ್ನಾಗೇ ಇದೀನಲ್ಲ ಹತ್ಸುಯೆಸಾನ್. ಹಿಮ ಬಿದ್ದಿದೆ, ಇವತ್ತು ರಜ ಅಲ್ವಾ?"

"ಹಿಮಕ್ಕೆ ರಜಾನಾ? ಹಂಗೆ ರಜ ಕೊಡ್ತಾ ಕೂತ್ರೆ ನಮ್ಮ ಮಕ್ಕಳು ಅ ಆ ಕಲಿಯೋದು ಯಾವಾಗ, ಏಪ್ರಿಲ್‌ನಲ್ಲಾ? ಆರು ವರ್ಷದ ಕೂಸು ರಿನ್ ಮೇಲಿನ ಕೇರಿಯಿಂದ ಇಳಿದು ಬಂದು ಕೂತಿದೆ, ನಿಮಗೇನು ಬಂತು ರೋಗ?"

ಮಾರ್ವಾ ಓಡಿಹೋಗಿ ಇಡೀ ಶಾಲೆಯ ಮುಂದೆ ತಲೆ ಬಗ್ಗಿಸಿ ಕ್ಷಮೆ ಕೇಳಿದಳು. ಉಪ ಹೆಡ್‌ಮಾಸ್ತರ ಯೋಶಿಹಾರಾ ಬೈಯಲಿಲ್ಲ, ಬೈದಿದ್ದರೇ ವಾಸಿಯಿತ್ತು. ಹತ್ಸುಯೆಯ ಬಾಯಿ ಕೇಳಬೇಕೆ, ಸಂಜೆಯೊಳಗೆ ಊರಿನ ಪ್ರತಿ ಒಲೆಯ ಮುಂದೂ ಆ ಕತೆ ನಗು ಹುಟ್ಟಿಸಿತ್ತು. ಅಲ್ಲಿಂದಾಚೆಗೆ ಹಿಮ ಹೆಚ್ಚಾದಷ್ಟೂ ಮಾರ್ವಾ ಬೇಗ ಬರತೊಡಗಿದಳು. ಬಂದವಳು ಕಿಟಕಿಯ ಹತ್ತಿರ ನಿಂತು, ಹತ್ಸುಯೆ ತುಳಿಯುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಫೆಬ್ರವರಿಯಲ್ಲಿ ಮೂರು ದಿನ ಬಿಡದೆ ಸುರಿಯಿತು. ನಾಲ್ಕನೆಯ ಬೆಳಗ್ಗೆ ಐದಕ್ಕೆ ಸ್ವಲ್ಪ ಮೊದಲು ಕಾಮಿಜಾವಾದ ಹಿರಿಯರು ಯೋಶಿಹಾರಾಗೆ ಫೋನ್ ಮಾಡಿದರು. ಕಾಲುದಾರಿಯ ಮೇಲಿನ ಬೋಳು ಇಳಿಜಾರಿನಲ್ಲಿ ಹಿಮ ಬಾಯಿ ಬಿಟ್ಟಿದೆ, ಉದ್ದಕ್ಕೆ ಬಿರುಕು ಎದ್ದಿದೆ, ಯಾವ ಗಳಿಗೆಯಲ್ಲಾದರೂ ಜಾರಬಹುದು. ಯೋಶಿಹಾರಾ ಎರಡು ಸಲ ಕೆಮ್ಮಿ, ಒಗುಚಿ ಶಾಲೆಯಲ್ಲಿ ಯಾರೂ ಕೇಳದ ಮಾತು ಹೇಳಿದರು: ಇವತ್ತು ಮಕ್ಕಳಿಗೂ ರಜ, ಮಾಸ್ತರರಿಗೂ ರಜ.

ಸುದ್ದಿ ಹೋಗುವುದು ಫೋನ್ ಸರಪಳಿಯಲ್ಲಿ. ಪ್ರತಿ ಮನೆಯ ಫೋನಿನ ಪಕ್ಕದಲ್ಲೂ ಪಟ್ಟಿ ಅಂಟಿಸಿರುತ್ತಾರೆ. ಒಬ್ಬರು ಮುಂದಿನವರಿಗೆ ಹೇಳಬೇಕು, ಕೊನೆಯವರು ಮೊದಲಿನವರಿಗೆ ತಿರುಗಿ ಫೋನ್ ಮಾಡಿ ಮುಟ್ಟಿತು ಅನ್ನಬೇಕು. ಹತ್ಸುಯೆ ಕೊನೆಯವಳಿಗಿಂತ ಒಬ್ಬಳು ಮುಂಚೆ. ಕೊನೆಯವಳು ಮಾರ್ವಾ. ಹತ್ಸುಯೆ ಆಗ ತಾನೆ ಬಾಗಿಲಲ್ಲಿ ಕೂತು ಕಾಂಜಿಕಿ ಕಟ್ಟುತ್ತಿದ್ದವಳು, ಸುದ್ದಿ ಕೇಳಿ ಬಿಚ್ಚಿಟ್ಟಳು. ಬಿಚ್ಚುವಾಗ ಕೈಗೆ ಏನೋ ಕಳೆದುಕೊಂಡ ಹಾಗಾಯಿತು. ಆಮೇಲೆ ಮಾರ್ವಾಳ ನಂಬರು ತಿರುಗಿಸಿದಳು. ಹತ್ತು ಸಲ ಬಡಿದುಕೊಂಡಿತು, ಇಪ್ಪತ್ತು ಸಲ ಬಡಿದುಕೊಂಡಿತು. ಎತ್ತಲಿಲ್ಲ. ಸ್ನಾನಕ್ಕೆ ಹೋಗಿರಬೇಕು ಅಂದುಕೊಂಡು ಒಲೆಗೆ ನೀರಿಟ್ಟಳು. ಆರು ಹೊಡೆಯುವಷ್ಟರಲ್ಲಿ ಯೋಶಿಹಾರಾರ ಫೋನೇ ಬಂತು.

"ಹತ್ಸುಯೆಸಾನ್, ಮಾರ್ವಾ ಸೆನ್ಸೇ ನನಗೆ ತಿರುಗಿ ಫೋನ್ ಮಾಡಿಲ್ಲ. ನೀವು ಹೇಳಿದ್ರಿ ತಾನೇ?"

ಇಷ್ಟು ಹಿಮ ಬಿದ್ದ ದಿನ ಆ ಹುಡುಗಿ ಇಷ್ಟು ಹೊತ್ತಿಗೆ ಮನೆಯಲ್ಲಿರುತ್ತಾಳೆಯೇ? ಕತ್ತಲಲ್ಲೇ ಹೊರಟಿರುತ್ತಾಳೆ. ಹೊರಡುವ ಹಾಗೆ ಮಾಡಿದ್ದು ಯಾರು? ಊರೆಲ್ಲ ನಗಿಸಿದ್ದು ಯಾರು? "ನನ್ನ ಬಾಯಿಗೆ ಬೆಂಕಿ ಬೀಳ" ಎಂದು ತನ್ನನ್ನೇ ಶಪಿಸಿಕೊಳ್ಳುತ್ತ ಹತ್ಸುಯೆ ಮತ್ತೆ ಕಾಂಜಿಕಿ ಕಟ್ಟಿಕೊಂಡು ಹೊರಗೆ ಬಿದ್ದಳು.

ಬೆಳಕು ಹರಿಯುತ್ತಿತ್ತು. ಹಿಮ ನಿಂತಿತ್ತು. ಅಷ್ಟೂ ವರ್ಷ ಕಂಡವಳಿಗೂ ಆ ಬಿಳುಪಿನ ಮುಂದೆ ಒಂದು ಕ್ಷಣ ಉಸಿರು ಕಟ್ಟಿತು: ಮರವಿಲ್ಲ, ಬೇಲಿಯಿಲ್ಲ, ಮನೆಯಿಲ್ಲ, ಜಗತ್ತನ್ನು ಇನ್ನೂ ಮಾಡಿಯೇ ಇಲ್ಲವೇನೋ ಅನ್ನುವಂತಿತ್ತು. ಅದರ ಮೇಲೆ ಮಾರ್ವಾಳ ಮನೆಯಿಂದ ಶಾಲೆಯವರೆಗೆ ಒಬ್ಬಳ ಹೆಜ್ಜೆ, ಸೊಂಟದಾಳಕ್ಕೆ ಉತ್ತುಕೊಂಡು ಹೋಗಿತ್ತು. ಶಾಲೆಯ ಬಾಗಿಲಿಗೆ ಬೀಗ. ಸೂರಿನ ಕೆಳಗೆ ಮೊಳೆಗೆ ನೇತುಹಾಕಿದ್ದ ಇನ್ನೊಂದು ಜೊತೆ ಕಾಂಜಿಕಿ ಇರಲಿಲ್ಲ.

ಹತ್ಸುಯೆಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ದಾರಿ ತುಳಿದಿಲ್ಲ, ಹತ್ಸುಯೆ ಬಂದಿಲ್ಲ, ಪಾಪ ಮುದುಕಿ ಹುಷಾರು ತಪ್ಪಿರಬೇಕು, ಮಕ್ಕಳು ಬರುವುದು ಹೇಗೆ ಅಂತ ಆ ಹುಚ್ಚು ಹುಡುಗಿ ತಾನೇ ತುಳಿಯಲು ಹೊರಟಿದ್ದಾಳೆ. ಬಿರುಕು ಬಿಟ್ಟ ಇಳಿಜಾರಿನ ಬುಡಕ್ಕೆ.

ತಿರುವಿನಲ್ಲಿ ಕಂಡಳು. ಇಳಿಜಾರಿನ ನಡುಮಧ್ಯದಲ್ಲಿ ಕೆಂಪು ಜಾಕೀಟು, ಬಗ್ಗಿ ಬಗ್ಗಿ ತುಳಿಯುತ್ತಿದೆ. ಅದರ ತಲೆಯ ಮೇಲೆ ಬೆಟ್ಟದ ಉದ್ದಕ್ಕೂ ನೀಲಿ ಗೆರೆ. ಕೂಗಿ ಕರೆಯುವಂತಿಲ್ಲ. ಹಿಮ ಬಾಯಿ ಬಿಟ್ಟಾಗ ಅದರ ಕೆಳಗೆ ಗಟ್ಟಿಯಾಗಿ ಸೀನಬಾರದು ಅಂತ ಅತ್ತೆ ಹೇಳಿಕೊಟ್ಟಿದ್ದಳು. ಜೀವನದಲ್ಲಿ ಒಮ್ಮೆಯೂ ಬಾಯಿ ಮುಚ್ಚಿರದ ಹತ್ಸುಯೆ ಅವತ್ತು ಹಲ್ಲು ಕಚ್ಚಿಕೊಂಡು ಆ ದಾರಿಗೆ ಕಾಲಿಟ್ಟಳು. ಓಡುವಂತಿಲ್ಲ, ಎಡವುವಂತಿಲ್ಲ. ಮುನ್ನೂರು ಹೆಜ್ಜೆಯಿದ್ದಿರಬೇಕು. ಕೆಂಪು ಜಾಕೀಟಿನ ಮೇಲಿಂದ ಕಣ್ಣು ಕೀಳದೆ, ಒಂದೊಂದು ಹೆಜ್ಜೆಗೂ ಸತ್ತ ಗಂಡನನ್ನು ನೆನೆಯುತ್ತ ನಡೆದಳು.

ಹಿಂದಿನಿಂದ ಜಾಕೀಟು ಜಗ್ಗಿದಾಗ ಮಾರ್ವಾ ತಿರುಗಿ, ಮುಖವರಳಿಸಿ, "ಹತ್ಸು..." ಎಂದು ಬಾಯಿ ತೆರೆದಳು. ಹತ್ಸುಯೆ ಕೈಗವಸಿನ ಕೈಯನ್ನು ಆ ಬಾಯಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಮೇಲಕ್ಕೆ ತೋರಿಸಿದಳು. ನೀಲಿ ಗೆರೆ ನೋಡಿ ಮಾರ್ವಾ ಅವಳ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹತ್ಸುಯೆ ಅವಳ ಮಣಿಕಟ್ಟು ಹಿಡಿದು, ಕೂಸನ್ನು ಕರೆತರುವ ಹಾಗೆ, ಅದೇ ದಾರಿಯಲ್ಲಿ ವಾಪಸು ಕರೆತಂದಳು.

ಶಾಲೆಯೊಳಗೆ ಒಲೆ ಹಚ್ಚಿ, ಚಹಾ ಕೈಗಿತ್ತು, ಯೋಶಿಹಾರಾಗೆ ಎರಡು ಮಾತು ಹೇಳಿ ಫೋನಿಟ್ಟ ಮೇಲೆ ಹತ್ಸುಯೆಯ ಬಾಯಿ ಬಿಚ್ಚಿತು.

"ತಲೆ ನೆಟ್ಟಗಿದೆಯಾ ನಿಂಗೆ? ಯಾರು ಹೇಳಿದ್ರು ನಿಂಗೆ ತುಳಿಯೋಕೆ? ನಿಮ್ಮಮ್ಮಂಗೆ ನಾನೇನಂತ ಕಾಗದ ಬರೀಬೇಕಿತ್ತು?"

"ರಜ ಅಂತ ಗೊತ್ತಿರ್ಲಿಲ್ಲ ಹತ್ಸುಯೆಸಾನ್. ಇಲ್ಲಿ ಹಿಮಕ್ಕೆ ರಜ ಕೊಡಲ್ಲ ಅಂತ ನೀವೇ..."

"ನಾನು ಹೇಳ್ದೆ! ನಾನು ಸಾವಿರ ಹೇಳ್ತೀನಿ!"

ಅಷ್ಟರಲ್ಲಿ ನೆಲ ನಡುಗಿತು. ಕಿಟಕಿಯ ಗಾಜು ಗಲಗಲ ಅಂದಿತು. ಬೆಟ್ಟವೇ ಎದ್ದು ನಡೆದ ಹಾಗೆ ಒಂದು ದೀರ್ಘವಾದ ಸದ್ದು ಬಂದು, ಕಣಿವೆಯ ತಳಕ್ಕೆ ಹೋಗಿ ನಿಂತಿತು.

ಹಿಮದ ಧೂಳು ಅಡಗಿದ ಮೇಲೆ ಇಬ್ಬರೂ ತಿರುವಿನವರೆಗೆ ಹೋಗಿ ನೋಡಿದರು. ಇಳಿಜಾರು ಪೂರ್ತಿ ಕೆಳಗಿಳಿದು ಕಪ್ಪು ಮಣ್ಣು ಕಾಣುತ್ತಿತ್ತು. ಮಾರ್ವಾ ತುಳಿದ ದಾರಿ ತಿರುವು ದಾಟಿ ಹತ್ತು ಮಾರು ಹೋಗಿ, ಕತ್ತರಿಸಿದ ಹಾಗೆ ಮುಗಿದಿತ್ತು. ಉಳಿದಿದ್ದ ಆ ಹತ್ತು ಮಾರನ್ನು ಹತ್ಸುಯೆ ಆಗಷ್ಟೇ ಸರಿಯಾಗಿ ನೋಡಿದಳು. ಹೆಜ್ಜೆಗಳು ಗೇಣುಗೇಣಿಗೆ ಒತ್ತೊತ್ತಾಗಿದ್ದವು.

"ಕೊಕ್ಕರೆ ಥರ ಕಾಲಿದೆ ನಿಂಗೆ. ಹೆಜ್ಜೆ ಯಾಕೆ ಇಷ್ಟು ಪುಟ್ಟದು ಹಾಕಿದೀಯ?"

"ರಿನ್ ಕಾಲು ಎಟುಕ್ಬೇಕಲ್ವಾ?" ಅಂದಳು ಮಾರ್ವಾ. "ನೀವು ದಿನಾ ಹಂಗೇ ತಾನೇ ತುಳಿಯೋದು. ಕಿಟಕಿಯಿಂದ ನೋಡಿದೀನಿ."

ಹತ್ಸುಯೆ ಅದನ್ನು ಯಾರಿಗೂ ಹೇಳಿರಲಿಲ್ಲ. ಅಷ್ಟೂ ವರ್ಷದಲ್ಲಿ ಒಬ್ಬ ಹೆಡ್‌ಮಾಸ್ತರನೂ, ಒಬ್ಬ ತಾಯಿಯೂ ಅದನ್ನು ಗಮನಿಸಿರಲಿಲ್ಲ. ಆಯಾ ದಾರಿ ತುಳಿಯುತ್ತಾಳೆ, ಅಷ್ಟೇ ಗೊತ್ತು. ಅವಳಿಗೆ ತಡೆಯಲಾಗದೆ ಅಳು ಬಂತು. ಅಲ್ಲೇ ಹಿಮದಲ್ಲಿ ನಿಂತು, ಮೂಗು ಒರೆಸಿಕೊಳ್ಳುತ್ತ, ಕಾಮಿಜಾವಾದ ಕಡೆ ಕೈ ತೋರಿಸಿದಳು.

"ಇನ್ನು ಕೆಳಗಿನ ಹೊಳೆ ಬದಿಯಲ್ಲಿ ಸುತ್ತಿ ತುಳೀಬೇಕು. ದೂರ. ನಾಲ್ಕೂವರೆಗೆ ಬಂದುಬಿಡು ನಾಳೆ. ನನ್ನೊಬ್ಬಳ ಕೈಲಿ ಆಗಲ್ಲ."

ಕೊನೆಯ ಆ ಮಾತನ್ನು ಅವಳು ಅದಕ್ಕೆ ಮುಂಚೆ ಯಾರಿಗೂ ಹೇಳಿದವಳಲ್ಲ.